ಗಿರಾಕಿಯನ್ನು ಹುಡುಕಿಬರುವ ಅಂಗಡಿ

(ಬಾನುಲಿ ಭಾಷಣ)

ನನ್ನ ಬಾಲ್ಯ ಕಳೆದದ್ದು ತಿಪಟೂರಿನ ಕಡೆಯ ಒಂದು ಹೋಬಳಿ ಊರಿನಲ್ಲಿ. ಊರಿಗೆಲ್ಲ ಒಂದೇ ದಿನಸಿ ಅಂಗಡಿ. ತಿಂಗಳ ಮೊದಲ ವಾರ ತಂದೆಯವರು ಬರೆದುಕೊಟ್ಟ ಪಟ್ಟಿಯನ್ನು ಹಿಡಿದು ನಾನು ಅಲ್ಲಿಗೆ ಹೋಗಿ ನಿಂತರೆ, ಶೆಟ್ಟರು ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳದೆಯೇ, "ಏನು ಬೇಕಪ್ಪ?" ಎಂದು ಕೇಳುತ್ತಿದ್ದರು. ಪಟ್ಟಿ ಕೈಯಲ್ಲಿದ್ದುದು ಅವರಿಗೆ ಕಾಣದೆ ಇರಲಿಲ್ಲ. ಆದರೂ ಕೇಳುವುದು ಅಂಗಡಿಯ ಧರ್ಮ. ನಾನು ಓದುತ್ತ ಹೋಗಬೇಕು, ಅವರು ಕಟ್ಟುತ್ತ ಹೋಗಬೇಕು. ಕೊನೆಗೆ ಕೊಸರು ಎಂದು ಒಂದು ಚೂರು ಬೆಲ್ಲ ನನ್ನ ಅಂಗೈಗೆ ಬೀಳುತ್ತಿತ್ತು. ಪಟ್ಟಿಯಲ್ಲಿಲ್ಲದ ಪದಾರ್ಥವನ್ನು ಆ ಮನುಷ್ಯರು ಒಮ್ಮೆಯೂ ನಮ್ಮ ಚೀಲಕ್ಕೆ ಹಾಕಿದ್ದು ನನಗೆ ನೆನಪಿಲ್ಲ.

ಐವತ್ತೈದು ವರ್ಷಗಳ ಹಿಂದಿನ ಆ ಪ್ರಶ್ನೆಯನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಇಂದು ನನ್ನ ಅಂಗೈಯಲ್ಲೇ ಒಂದು ಅಂಗಡಿಯಿದೆ. ಫೋನು ಎಂದು ಅದರ ಹೆಸರು. ಅದು ನನ್ನನ್ನು "ಏನು ಬೇಕು?" ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಬೆಳಗ್ಗೆ ಕನ್ನಡಕ ಏರಿಸಿ ಅದನ್ನು ತೆರೆದೊಡನೆ, "ನಿಮಗಾಗಿ ಆಯ್ದವು" ಎಂಬ ತಲೆಬರಹದ ಕೆಳಗೆ ಹತ್ತು ಸಾಮಾನುಗಳನ್ನು ಹರಡಿಟ್ಟಿರುತ್ತದೆ. ಪ್ರಶ್ನಾರ್ಥಕ ವಾಕ್ಯದ ಸ್ಥಾನದಲ್ಲಿ ನಿಶ್ಚಯಾರ್ಥಕ ವಾಕ್ಯ ಬಂದು ಕುಳಿತಿದೆ. ಜೀವಮಾನವಿಡೀ ಕನ್ನಡ ವ್ಯಾಕರಣವನ್ನು ಪಾಠ ಹೇಳಿದ ನನ್ನಂಥವನಿಗೆ ಈ ಬದಲಾವಣೆ ಮೊದಲು ಕಣ್ಣಿಗೆ ಬಿದ್ದದ್ದು ಹೀಗೆ. ಇದು ಹೇಗಾಯಿತು, ಈ ಅಂಗಡಿ ನಡೆಯುವ ಬಗೆ ಯಾವುದು, ಇದರಿಂದ ಕೊಳ್ಳುವವರ ನಡವಳಿಕೆ ಎಷ್ಟು ಬದಲಾಗಿದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದು ಇಂದಿನ ನನ್ನ ಉದ್ದೇಶ.

ಕಣ್ಣಿಗೆ ಕಾಣದ ಅಂಗಡಿಯಿಂದ ಸಾಮಾನು ತರಿಸುವುದು ಹೊಸ ಸಂಗತಿಯೇನೂ ಅಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ ಮಾಂಟ್ಗೊಮರಿ ವಾರ್ಡ್ ಎಂಬಾತ 1872ರಲ್ಲಿಯೇ ಬೆಲೆಪಟ್ಟಿಯೊಂದನ್ನು ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಅಂಚೆಯ ಮೂಲಕ ವ್ಯಾಪಾರ ಮಾಡತೊಡಗಿದ್ದ. ನಮ್ಮಲ್ಲಿ ವಿ.ಪಿ.ಪಿ. ಇತ್ತು. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಪುಸ್ತಕಗಳನ್ನು ಹಾಗೆಯೇ ತರಿಸಿಕೊಳ್ಳುತ್ತಿದ್ದೆ. ಒಂದು ಕಾರ್ಡು ಬರೆದು ಹಾಕಿದರೆ ಹದಿನೈದು ದಿನಕ್ಕೋ ತಿಂಗಳಿಗೋ ಅಂಚೆಯಣ್ಣ ಕಟ್ಟನ್ನು ತಂದು, ಹಣ ಎಣಿಸಿಕೊಂಡು, ಕೊಟ್ಟು ಹೋಗುತ್ತಿದ್ದ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡೇ ಬೆಳೆಯಿತು. ಅದಕ್ಕೂ ಹಿಂದಿನ ಗಳಗನಾಥರಂತೂ ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಅಂಗಡಿ ಎಂದರೆ ಅದು! ಆದರೆ ಗಳಗನಾಥರು ಯಾರ ಮನೆಯ ಬಾಗಿಲನ್ನು ತಟ್ಟಿದರೋ ಆ ಮನೆಯವರಿಗೆ ಅವರ ಮುಖ ಕಾಣುತ್ತಿತ್ತು.

ಅಂತರಜಾಲದ ದೊಡ್ಡ ಅಂಗಡಿಗಳಲ್ಲಿ ಕೆಲವು ಪುಸ್ತಕದಿಂದಲೇ ಮೊದಲಾದುವೆಂಬುದು ಸಾಹಿತ್ಯದ ಓದುಗರಿಗೆ ಕೊಂಚ ಹೆಮ್ಮೆ ತರಬಹುದಾದ ವಿಷಯ. ಜೆಫ್ ಬೆಜೋಸ್ ಸ್ಥಾಪಿಸಿದ ಅಮೆಜಾನ್ 1995ರ ಜುಲೈಯಲ್ಲಿ ತೆರೆದದ್ದು ಪುಸ್ತಕದಂಗಡಿಯಾಗಿ. ಅದರ ಮೊದಲ ಗಿರಾಕಿ ಕೊಂಡದ್ದು ಡಗ್ಲಸ್ ಹಾಫ್‌ಸ್ಟಾಟರ್ ಎಂಬ ವಿದ್ವಾಂಸರ, ಮನುಷ್ಯನ ಆಲೋಚನೆಯನ್ನು ಕಂಪ್ಯೂಟರಿನಿಂದ ಅನುಕರಿಸಬಹುದೇ ಎಂದು ಶೋಧಿಸುವ ಗ್ರಂಥವನ್ನು. ನಮ್ಮ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು 2007ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟನ್ನು ಆರಂಭಿಸಿದ್ದೂ ಪುಸ್ತಕ ಮಾರುವುದಕ್ಕೇ. ಇದರಲ್ಲಿ ಸಾಹಿತ್ಯಪ್ರೇಮಕ್ಕಿಂತ ವ್ಯವಹಾರಜ್ಞಾನವೇ ಹೆಚ್ಚು. ಪುಸ್ತಕ ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ವ್ಯತ್ಯಾಸವಿಲ್ಲವಾದ್ದರಿಂದ ಮುಟ್ಟಿ ನೋಡುವ ಅಗತ್ಯವಿಲ್ಲ. ಜಗತ್ತಿನಲ್ಲಿರುವ ಪುಸ್ತಕಗಳಷ್ಟನ್ನು ಯಾವ ಅಂಗಡಿಯ ಕಪಾಟೂ ಹಿಡಿಯಲಾರದು, ಪಟ್ಟಿಯೊಂದು ಮಾತ್ರ ಹಿಡಿದೀತು.

ಆದರೆ ಕಾಣದ ಅಂಗಡಿಗೆ ಮುಂಗಡವಾಗಿ ಹಣ ಕೊಡುವುದೆಂದರೆ ನಮ್ಮವರಿಗೆ ಅಂಜಿಕೆ. ಬ್ಯಾಂಕಿನ ಕಾರ್ಡು ಇದ್ದವರೂ ಕಡಮೆ. ಆಗ, ಎಂದರೆ 2010ರಲ್ಲಿ, ಫ್ಲಿಪ್‌ಕಾರ್ಟು "ಸಾಮಾನು ಕೈಸೇರಿದ ಮೇಲೆ ಹಣ ಕೊಡಿ" ಎಂಬ ಏರ್ಪಾಡನ್ನು ತಂದಿತು. ಪತ್ರಿಕೆಗಳು ಇದನ್ನು ಹೊಸ ಕ್ರಾಂತಿಯೆಂದು ಕೊಂಡಾಡಿದಾಗ ನನಗೆ ನಗು ಬಂತು. ನಮ್ಮ ವಿ.ಪಿ.ಪಿ.ಯೇ ಮೋಟಾರುಸೈಕಲ್ ಏರಿ ಬಂದಂತಿತ್ತು. ಅಲ್ಲಿಂದ ಮುಂದಿನ ನಡೆ ಬಲು ಚುರುಕು. 2016ನೆಯ ಇಸವಿಯನ್ನು ವಿಶೇಷವಾಗಿ ನೆನೆಯಬೇಕು. ಆ ವರ್ಷ ಏಪ್ರಿಲ್‌ನಲ್ಲಿ ಯು.ಪಿ.ಐ. ಬಂತು, ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರಜಾಲದ ಬೆಲೆ ನೆಲಕ್ಕಿಳಿಯಿತು, ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದವು. 2020ರ ಮಾರ್ಚಿಯಲ್ಲಿ ದಿಗ್ಬಂಧನವಾದಾಗ, ಅದುವರೆಗೆ ಹಿಂಜರಿಯುತ್ತಿದ್ದ ನನ್ನಂಥ ಮುದುಕರೂ ಮನೆಯಿಂದ ಹೊರಡಲಾರದೆ ಈ ವಿದ್ಯೆಯನ್ನು ಕಲಿತರು. ಯು.ಪಿ.ಐ. ಮೂಲಕ ನಡೆದ ವ್ಯವಹಾರಗಳ ಸಂಖ್ಯೆ 2023ರ ಆಗಸ್ಟ್ ಒಂದೇ ತಿಂಗಳಿನಲ್ಲಿ 1000 ಕೋಟಿಯನ್ನು ದಾಟಿತು.

ಇಷ್ಟು ಇತಿಹಾಸವಾಯಿತು. ಈಗ ಈ ಅಂಗಡಿಯ ಒಳಮನೆಗೆ ಹೋಗೋಣ.

ನನ್ನ ಮನಸ್ಸಿನಲ್ಲಿರುವುದು ಈ ಅಂಗಡಿಗೆ ಹೇಗೆ ತಿಳಿಯುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅಂತರಜಾಲ ಮೊದಲು ರಚಿತವಾದಾಗ ಅದಕ್ಕೆ ನೆನಪಿನ ಶಕ್ತಿಯೇ ಇರಲಿಲ್ಲ. ನೀವು ಒಂದು ಪುಟವನ್ನು ಕೇಳಿದರೆ ಕೊಡುತ್ತಿತ್ತು. ಮರುಗಳಿಗೆಯಲ್ಲಿ ಇನ್ನೊಂದು ಪುಟವನ್ನು ಕೇಳಿದರೆ ನೀವು ಯಾರೋ ಹೊಸಬರೆಂದೇ ಎಣಿಸುತ್ತಿತ್ತು. ಇಂಥ ಮರೆಗುಳಿಯ ಕೈಯಲ್ಲಿ ವ್ಯಾಪಾರ ಮಾಡಿಸುವುದು ಹೇಗೆ? ಅಕ್ಕಿಯನ್ನು ಬುಟ್ಟಿಗೆ ಹಾಕಿ ಬೇಳೆಯ ಕಡೆ ತಿರುಗುವಷ್ಟರಲ್ಲಿ ಬುಟ್ಟಿಯೇ ಮಾಯ! 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬ ತರುಣ ಇದಕ್ಕೊಂದು ಉಪಾಯ ಹೂಡಿದ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಅಲ್ಲಿಯವನು ಒಂದು ಬಿಲ್ಲೆಯನ್ನು ಕೊಡುತ್ತಾನಲ್ಲ, ಅಂಥದೊಂದು ಬಿಲ್ಲೆಯನ್ನು ಅಂಗಡಿಯ ಕಂಪ್ಯೂಟರು ನಮ್ಮ ಯಂತ್ರದಲ್ಲಿ ಇಟ್ಟುಹೋಗುತ್ತದೆ. ನಾವು ಮತ್ತೆ ಹೋದಾಗ ಬಿಲ್ಲೆಯನ್ನು ನೋಡಿ, "ಓಹೋ, ಇವರೇ" ಎಂದು ಗುರುತು ಹಿಡಿಯುತ್ತದೆ. ಇದಕ್ಕೆ ಕುಕ್ಕಿ ಎಂದು ಹೆಸರು. ಬಿಸ್ಕತ್ತಿನ ಹೆಸರು ಇದಕ್ಕೇಕೆ ಅಂಟಿಕೊಂಡಿತೋ, ಕಂಪ್ಯೂಟರ್ ಜನರ ನಾಮಕರಣಗಳೇ ವಿಚಿತ್ರ.

ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಚಪ್ಪಲಿ ಕಾಯುವವನು ಬಿಲ್ಲೆ ಕೊಟ್ಟರೆ ನಮಗೇ ಅನುಕೂಲ. ಆದರೆ ಊರಿನ ಎಲ್ಲ ದೇವಸ್ಥಾನಗಳಲ್ಲಿಯೂ, ಸಿನಿಮಾ ಮಂದಿರ, ಆಸ್ಪತ್ರೆ, ವಾಚನಾಲಯಗಳಲ್ಲಿಯೂ ಚಪ್ಪಲಿ ಕಾಯುವ ಗುತ್ತಿಗೆಯನ್ನು ಒಬ್ಬನೇ ಹಿಡಿದನೆಂದು ಭಾವಿಸಿ. ಅವನ ಬಿಲ್ಲೆಯ ಲೆಕ್ಕವನ್ನು ನೋಡಿದರೆ ಸಾಕು, ನಾನು ಯಾವ ಹೊತ್ತಿಗೆ ಎಲ್ಲಿದ್ದೆ, ಯಾವ ವೈದ್ಯರ ಬಾಗಿಲಲ್ಲಿ ಎಷ್ಟು ಹೊತ್ತು ಕಾದೆ ಎಂಬುದೆಲ್ಲ ತಿಳಿಯುತ್ತದೆ. ನಾವು ಓದುವ ಬೇರೆಬೇರೆ ಜಾಲತಾಣಗಳಲ್ಲಿ ಜಾಹೀರಾತು ಹಾಕುವ ಗುತ್ತಿಗೆ ಕೆಲವೇ ಸಂಸ್ಥೆಗಳ ಕೈಯಲ್ಲಿರುವುದರಿಂದ ಆದದ್ದು ಇದೇ. ಈ ಅನ್ಯರ ಬಿಲ್ಲೆಗಳನ್ನು ಆಪಲ್ ಸಂಸ್ಥೆ ತನ್ನ ಸಫಾರಿಯಲ್ಲಿ 2020ರಲ್ಲಿ ಪೂರ್ತಿಯಾಗಿ ತಡೆಯಿತು. ಗೂಗಲ್ ಕೂಡ ಅದೇ ವರ್ಷ ತನ್ನ ಕ್ರೋಮ್‌ನಿಂದ ಅವುಗಳನ್ನು ತೆಗೆದುಹಾಕುವುದಾಗಿ ಸಾರಿ, ಮತ್ತೆ ಮತ್ತೆ ಮುಂದೂಡಿ, 2024ರ ಜುಲೈಯಲ್ಲಿ ಆ ಸಂಕಲ್ಪವನ್ನೇ ಕೈಬಿಟ್ಟಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗೂಗಲ್‌ನ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ.

ಇನ್ನು ಹರಾಜಿನ ವಿಷಯ. ನಾನು ತಿಪಟೂರಿನ ಕಡೆಯವನಾದ್ದರಿಂದ ಕೊಬ್ಬರಿ ಹರಾಜು ಚಿಕ್ಕಂದಿನಿಂದ ನೋಡಿದ್ದು. ರೈತ ರಾಶಿ ಹಾಕುತ್ತಾನೆ, ವರ್ತಕರು ಕೂಗುತ್ತಾರೆ, ಹೆಚ್ಚು ಕೂಗಿದವನಿಗೆ ಮಾಲು, ರೈತನಿಗೆ ಹಣ. ನಾವು ಗೂಗಲ್‌ನಲ್ಲಿ "ಮಂಡಿ ನೋವಿಗೆ ಪಟ್ಟಿ" ಎಂದು ಬರೆದು ಹುಡುಕಿದ ಕ್ಷಣದಲ್ಲಿಯೂ ಒಂದು ಹರಾಜು ನಡೆಯುತ್ತದೆ. ಮಂಡಿಪಟ್ಟಿ ಮಾರುವ ಹತ್ತಾರು ಜನ, ಈ ಮಾತನ್ನು ಹುಡುಕಿದವರು ತಮ್ಮ ಜಾಹೀರಾತನ್ನು ಒತ್ತಿದರೆ ಇಂತಿಷ್ಟು ರೂಪಾಯಿ ಕೊಡಲು ಸಿದ್ಧ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಯಂತ್ರ ಆ ಮೊತ್ತಗಳನ್ನೂ, ಯಾರ ಜಾಹೀರಾತನ್ನು ಜನ ಒತ್ತುವ ಸಂಭವ ಹೆಚ್ಚು ಎಂಬುದನ್ನೂ ಕೂಡಿಸಿ ತೂಗಿ, ಕಣ್ಣೆವೆ ಇಕ್ಕುವುದರೊಳಗೆ ಗೆದ್ದವರನ್ನು ಮೇಲಿನ ಸಾಲಿನಲ್ಲಿ ಕೂರಿಸುತ್ತದೆ. ಹುಡುಕುವ ಮಾತುಗಳನ್ನು ಹೀಗೆ ಹರಾಜು ಹಾಕುವ ಉಪಾಯವನ್ನು 1998ರಲ್ಲಿ ಜಾರಿಗೆ ತಂದದ್ದು ಬಿಲ್ ಗ್ರಾಸ್ ಎಂಬಾತನ ಗೋಟು ಎಂಬ ಸಂಸ್ಥೆ. ಗೂಗಲ್ 2000ದಲ್ಲಿ ಜಾಹೀರಾತಿನ ವ್ಯಾಪಾರಕ್ಕಿಳಿದು, 2002ರಲ್ಲಿ ಇದೇ ಹರಾಜಿನ ಪದ್ಧತಿಯನ್ನು ತಿದ್ದಿ ತನ್ನದಾಗಿಸಿಕೊಂಡಿತು. ದೊಡ್ಡ ದೊಡ್ಡ ಮಾರಾಟ ಜಾಲಗಳ ಒಳಗೂ ಈಗ ಇದೇ ಏರ್ಪಾಡು. ನಾವು ಕೇಳಿದ ಸಾಮಾನಿನ ಪಟ್ಟಿಯಲ್ಲಿ ಮೊದಲು ಕಾಣುವುದು ಅತ್ಯುತ್ತಮವಾದದ್ದೆಂದು ತಿಳಿಯಬೇಕಾಗಿಲ್ಲ. "ಪ್ರಾಯೋಜಿತ" ಎಂಬ ಇರುವೆಯಷ್ಟು ಸಣ್ಣ ಬೂದುಬಣ್ಣದ ಅಕ್ಷರ ಅದರ ಮೂಲೆಯಲ್ಲಿದೆಯೇ ಎಂದು ನೋಡಬೇಕು. ಇದ್ದರೆ ಆ ಜಾಗಕ್ಕೆ ಬಾಡಿಗೆ ಸಂದಿದೆ ಎಂದರ್ಥ.

ತಿಪಟೂರಿನ ಹರಾಜಿಗೂ ಇದಕ್ಕೂ ಒಂದು ಭೇದವುಂಟು. ಅಲ್ಲಿ ಮಾಲು ಯಾರದೋ ಹಣವೂ ಅವನಿಗೇ. ಇಲ್ಲಿ ಹರಾಜಾಗುವುದು ನನ್ನ ಒಂದು ಕ್ಷಣದ ನೋಟ. ಹಣ ಮಾತ್ರ ನನಗೆ ಬರುವುದಿಲ್ಲ. ಅದಕ್ಕೆ ಬದಲಾಗಿ ಹುಡುಕುವ ಸೌಕರ್ಯವೂ, ಅಂಚೆಯೂ, ಭೂಪಟವೂ ಪುಕ್ಕಟೆ ಸಿಕ್ಕುತ್ತದೆ. ಈ ವಿನಿಮಯ ಅನ್ಯಾಯವಾದದ್ದೆಂದು ನಾನು ಸಾರಾಸಗಟಾಗಿ ಹೇಳಲಾರೆ. ಎಪ್ಪತ್ತರ ದಶಕದಲ್ಲಿ ನಾವು ಓದುತ್ತಿದ್ದ ವಾರಪತ್ರಿಕೆಗಳನ್ನೂ ಸಾಬೂನಿನವರೂ ಕೇಶತೈಲದವರೂ ಸೇರಿಯೇ ಸಾಕುತ್ತಿದ್ದರಲ್ಲವೆ? ಆದರೆ ಪತ್ರಿಕೆಯ ಸಾಬೂನಿಗೆ ನನ್ನ ಹೆಸರು ಗೊತ್ತಿರಲಿಲ್ಲ.

ಈ ಮಾತಿನ ತೂಕ ನನಗೆ ಅರ್ಥವಾದದ್ದು ಮನೆಯೊಳಗಿನ ಒಂದು ಸಂದರ್ಭದಲ್ಲಿ. ನನ್ನ ಅಕ್ಕ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದು ನಮ್ಮ ಮನೆಯಲ್ಲಿಯೇ ಇದ್ದಳು. ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿಹಾಸಿಗೆ, ರೋಗಿಗಳ ಒಳಬಟ್ಟೆ, ಚರ್ಮಕ್ಕೆ ಹಚ್ಚುವ ಲೇಪ, ಇವೆಲ್ಲವನ್ನೂ ನಾನು ಫೋನಿನಲ್ಲಿಯೇ ತರಿಸುತ್ತಿದ್ದೆ. ಮೈಸೂರಿನ ಔಷಧದ ಅಂಗಡಿಗಳಲ್ಲಿ ಸಿಕ್ಕದ ಅಳತೆಯದು ಮರುದಿನವೇ ಮನೆ ಬಾಗಿಲಿಗೆ ಬರುತ್ತಿತ್ತು. ಅದರ ಉಪಕಾರವನ್ನು ನಾನು ಮರೆಯಲಾರೆ. ಅಕ್ಕ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದ ಸಂಜೆ, ನೆಂಟರೆಲ್ಲ ಹೊರಟಿದ್ದರು, ನಾನು ಫೋನು ತೆರೆದೆ. "ನಿಮ್ಮ ಸಾಮಾನು ಮುಗಿಯುತ್ತ ಬಂದಿರಬಹುದು. ಮತ್ತೆ ತರಿಸುವಿರಾ?" ಎಂಬ ಒಕ್ಕಣೆ. ಕೆಳಗೆ ಆ ಒಳಬಟ್ಟೆಯ ಚಿತ್ರ. ಹದಿನೈದು ರೂಪಾಯಿಯ ರಿಯಾಯಿತಿ ಬೇರೆ.

ಅಕ್ಕನ ಮಗ ಅಲ್ಲಿಯೇ ಕುಳಿತಿದ್ದ. ಅವನು ಸಾಫ್ಟ್‌ವೇರ್ ಕೆಲಸದವನು. ಫೋನನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು, "ಅದಕ್ಕೇನೂ ಗೊತ್ತಿಲ್ಲ ಮಾವ, ಅದು ದಿನ ಎಣಿಸುತ್ತೆ ಅಷ್ಟೆ. ಇಪ್ಪತ್ತೆಂಟು ದಿನಕ್ಕೊಂದು ಸಲ ತರಿಸ್ತಿದ್ರಿ. ಇಪ್ಪತ್ತೆಂಟು ದಿನ ಆಯ್ತು" ಎಂದ. ತನ್ನ ತಾಯಿಯ ವಿಷಯವನ್ನೇ ಅವನು ಹೀಗೆ ಸಮಾಧಾನವಾಗಿ ವಿವರಿಸಬೇಕಾಗಿ ಬಂದುದಕ್ಕೆ ನನಗೆ ನಾಚಿಕೆಯಾಯಿತು. ಆ ಜಾಹೀರಾತು ಅಲ್ಲಿಗೆ ನಿಲ್ಲಲಿಲ್ಲ. ಪತ್ರಿಕೆ ಓದುವಾಗ, ಸಂಗೀತ ಕೇಳುವಾಗ, ಸುಮಾರು ಮೂರು ತಿಂಗಳ ಕಾಲ ಗಾಳಿಹಾಸಿಗೆಯೂ ಗಾಲಿಕುರ್ಚಿಯೂ ನನ್ನ ಬೆನ್ನು ಬಿಡಲಿಲ್ಲ. ಕೊನೆಗೆ ಅಳಿಯನೇ ಇನ್ನೊಂದು ಭಾನುವಾರ ಬಂದು, ಜಾಹೀರಾತಿನ ಮೂಲೆಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ, ಇದು ನನಗೆ ಬೇಡವೆಂದು ತಿಳಿಸುವ ಕ್ರಮವನ್ನು ತೋರಿಸಿಕೊಟ್ಟ. ಎಲ್ಲ ಕಡೆಯೂ ಅಲ್ಲದಿದ್ದರೂ ಬಹಳ ಕಡೆ ಈ ಚುಕ್ಕೆಗಳಿರುತ್ತವೆ. ಕೇಳುಗರು ಇದನ್ನು ಗಮನಿಸಬೇಕು.

ನಮ್ಮ ಬೀದಿಯ ತುದಿಯಲ್ಲಿ ಒಂದು ದಿನಸಿ ಅಂಗಡಿಯುಂಟು. ಅಕ್ಕನಿಗೆಂದು ತಿಂಗಳಿಗೊಮ್ಮೆ ಒಂದು ಸೇರು ಹುರಿಹಿಟ್ಟನ್ನು ಅಲ್ಲಿಂದ ತರುತ್ತಿದ್ದೆವು. ನಾವು ಹೇಳದಿದ್ದರೂ ಅಂಗಡಿಯಾತ ಅದನ್ನು ಚೀಲಕ್ಕೆ ಹಾಕಿರುತ್ತಿದ್ದ. ಅವನೂ ಒಂದು ಬಗೆಯಲ್ಲಿ ದಿನ ಎಣಿಸುವವನೇ. ಆ ತಿಂಗಳು ಹುರಿಹಿಟ್ಟು ಚೀಲದಲ್ಲಿರಲಿಲ್ಲ. ಅವನು ಅದರ ಮಾತನ್ನೂ ಎತ್ತಲಿಲ್ಲ.

ಕೊಳ್ಳುವವರಾದ ನಮ್ಮ ಅಭ್ಯಾಸಗಳೂ ಈ ಅವಧಿಯಲ್ಲಿ ಎಷ್ಟು ಬದಲಾದವು! ಹಿಂದೆ ಬೇಕೆನಿಸಿದ ಮೇಲೆ ಪೇಟೆಗೆ ಹೋಗುತ್ತಿದ್ದೆವು. ಈಗ ಪೇಟೆಯಲ್ಲಿಯೇ ಸದಾ ಇರುವುದರಿಂದ ಬೇಕೆನಿಸುತ್ತದೆ. ಬಸ್ಸಿಗೆ ಕಾಯುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ ಇರುತ್ತೇವೆ. ಸೀರೆಯ ಸೆರಗನ್ನು ಬೆರಳಲ್ಲಿ ಹಿಸುಕಿ, ಬೆಳಕಿಗೆ ಹಿಡಿದು ನೂಲಿನ ಗುಣವನ್ನು ಹೇಳಬಲ್ಲ ಹೆಂಗಸರು ನಮ್ಮ ತಾಯಂದಿರ ಕಾಲದಲ್ಲಿ ಮನೆಗೊಬ್ಬರಿದ್ದರು. ಈಗ ಬೆರಳಿನ ಕೆಲಸವನ್ನು ನಕ್ಷತ್ರಗಳು ಮಾಡುತ್ತವೆ. ನಾಲ್ಕೂವರೆ ನಕ್ಷತ್ರವೆಂದರೆ ಒಳ್ಳೆಯ ಸೀರೆ. ಆ ನಕ್ಷತ್ರಗಳನ್ನು ಕೊಟ್ಟವರು ಯಾರು? ಕೆಲವರು ನಿಜವಾಗಿ ಕೊಂಡವರು, ಕೆಲವರು ಕೂಲಿಗೆ ಬರೆದವರು. ಈ ಕೂಲಿ ವಿಮರ್ಶೆಯ ಉಪದ್ರವ ಎಷ್ಟಾಯಿತೆಂದರೆ 2022ರಲ್ಲಿ ಭಾರತೀಯ ಮಾನಕ ಸಂಸ್ಥೆ ಅಂತರಜಾಲದ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವುದಕ್ಕೂ ಒಂದು ಮಾನದಂಡವನ್ನು ಹೊರಡಿಸಬೇಕಾಯಿತು. ಐ.ಎಸ್.ಐ. ಮುದ್ರೆಯ ಇಸ್ತ್ರಿಪೆಟ್ಟಿಗೆಯನ್ನು ಕಂಡಿದ್ದೆವು. ವಿಮರ್ಶೆಗೂ ಅದೇ ಸಂಸ್ಥೆಯ ಮಾನಕ ಬಂದುದನ್ನು ಕಂಡು ಸಾಹಿತ್ಯವಿಮರ್ಶೆಯ ಮೇಷ್ಟ್ರಾದ ನಾನು ಮನಸ್ಸಿನಲ್ಲಿಯೇ ನಕ್ಕೆ.

ಚೌಕಾಸಿ ಎಂಬ ಕಲೆಯೂ ಹೋಯಿತು. ಅದರ ಸ್ಥಾನದಲ್ಲಿ ಬೆಲೆಯನ್ನು ಮೊದಲೇ ಹೊಡೆದುಹಾಕಿ, ಪಕ್ಕದಲ್ಲಿ ಕಡಮೆಯ ಬೆಲೆಯನ್ನು ಬರೆದಿರುತ್ತಾರೆ. ನಮ್ಮ ಪರವಾಗಿ ಅವರೇ ಚೌಕಾಸಿ ಮಾಡಿ ಸೋತವರಂತೆ ನಟಿಸುತ್ತಾರೆ. 999 ರೂಪಾಯಿಯೆಂಬ ಯುಕ್ತಿ ಮಾತ್ರ ಹಳೆಯದು. ಬಾಟಾ ಅಂಗಡಿಯ ತೊಂಬತ್ತೈದು ಪೈಸೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಇಂಥ ಯುಕ್ತಿಗಳಲ್ಲಿ ಕೆಲವು ಮೋಸದ ಗಡಿಯನ್ನು ಮುಟ್ಟುತ್ತವೆ. ಹ್ಯಾರಿ ಬ್ರಿಗ್ನಲ್ ಎಂಬ ಇಂಗ್ಲೆಂಡಿನ ವಿನ್ಯಾಸಕಾರ 2010ರಲ್ಲಿ ಇವುಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟ. ಕತ್ತಲ ಹಂಚಿಕೆಗಳು ಎಂದು ನಾನು ಕನ್ನಡಿಸಿಕೊಂಡಿದ್ದೇನೆ. ಭಾರತ ಸರಕಾರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವನ್ನು ನಿಷೇಧಿಸಿ, ಹದಿಮೂರು ಬಗೆಗಳನ್ನು ಹೆಸರಿಸಿ ಮಾರ್ಗಸೂಚಿಯನ್ನು ಹೊರಡಿಸಿದೆ. ಹದಿಮೂರನ್ನೂ ಇಲ್ಲಿ ವಿವರಿಸಲು ಸಮಯವಿಲ್ಲ. ನನ್ನ ಅನುಭವಕ್ಕೆ ಬಂದ ನಾಲ್ಕನ್ನು ಮಾತ್ರ ಹೇಳುತ್ತೇನೆ. ಹುಸಿ ಅವಸರ ಒಂದು. "ಇನ್ನು ಎರಡೇ ಉಳಿದಿವೆ" ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ವಾರ ಬಿಟ್ಟು ನೋಡಿದರೂ ಆ ಎರಡು ಅಲ್ಲೇ ಇರುತ್ತವೆ. ಎರಡನೆಯದು ಬುಟ್ಟಿಗೆ ನುಸುಳಿಸುವುದು. ನಾವು ಆರಿಸದ ವಿಮೆಯೋ ದಾನವೋ ಲೆಕ್ಕದಲ್ಲಿ ತಾನಾಗಿ ಸೇರಿರುತ್ತದೆ. ಮೂರನೆಯದು ನಾಚಿಸುವುದು. ಬೇಡವೆನ್ನಬೇಕಾದರೆ "ನನಗೆ ಹಣ ಉಳಿಸುವ ಇಷ್ಟವಿಲ್ಲ" ಎಂಬ ವಾಕ್ಯವನ್ನು ಒತ್ತಬೇಕು. ನಾಲ್ಕನೆಯದು ಚಂದಾದ ಬಲೆ. ಇದರಲ್ಲಿ ನಾನೇ ಸಿಕ್ಕಿಬಿದ್ದೆ. ಒಂದು ತಿಂಗಳು ಉಚಿತವೆಂದು ಸೇರಿಕೊಂಡ ಒಂದು ಸೇವೆ ಆಮೇಲೆ ಏಳು ತಿಂಗಳು ನನ್ನ ಖಾತೆಯಿಂದ ಹಣ ಎಳೆದುಕೊಂಡಿತು. ಸೇರುವುದಕ್ಕೆ ಒಂದು ಒತ್ತು ಸಾಕಾಗಿತ್ತು. ಬಿಡುವುದಕ್ಕೆ ಆರು ಪುಟಗಳನ್ನು ದಾಟಬೇಕಾಯಿತು. ಪ್ರತಿ ಪುಟದಲ್ಲಿಯೂ "ಉಳಿಯಿರಿ" ಎಂಬುದು ದೊಡ್ಡದು, "ಹೊರಡುವೆ" ಎಂಬುದು ಕಾಣದಷ್ಟು ಮಸುಕು.

ಹೀಗೆ ತಾನಾಗಿ ಹಣ ಕಡಿತವಾಗುವ ಏರ್ಪಾಡುಗಳಿಗೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ ಒಂದು ಕಟ್ಟುಪಾಡು ಮಾಡಿದೆ. ಕಡಿತಕ್ಕೆ 24 ಗಂಟೆಗಳ ಮೊದಲು ಗ್ರಾಹಕನಿಗೆ ಸೂಚನೆ ಬರಬೇಕು. ನನಗೂ ಬರುತ್ತಿತ್ತು. ದಿನಕ್ಕೆ ಬರುವ ನಲವತ್ತು ಸಂದೇಶಗಳಲ್ಲಿ ಅದನ್ನು ಓದದೆ ಅಳಿಸುತ್ತಿದ್ದವನು ನಾನೇ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಪ್ರತಿಯೊಂದು ಸಂಸ್ಥೆಯೂ ದೂರು ಕೇಳುವ ಅಧಿಕಾರಿಯೊಬ್ಬರನ್ನು ನೇಮಿಸಬೇಕು, ದೂರು ಮುಟ್ಟಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಕರೆ ಮಾಡಬಹುದು.

ಭಾಷೆಯ ಮಾತನ್ನೂ ಒಂದಿಷ್ಟು ಆಡದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಾಗದು. ಸುಮಾರು ಹದಿಮೂರು ವರ್ಷ ಕನ್ನಡವಿಲ್ಲದೆಯೇ ವ್ಯಾಪಾರ ಮಾಡಿದ ಬೆಂಗಳೂರಿನ ಫ್ಲಿಪ್‌ಕಾರ್ಟು ಕನ್ನಡವನ್ನು ಬಾಯಿಬಿಟ್ಟದ್ದು 2020ರ ಜೂನ್‌ನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಅಮೆಜಾನೂ ಕನ್ನಡಕ್ಕೆ ಬಂತು. ದೊಡ್ಡ ಊರುಗಳ ಇಂಗ್ಲಿಷ್ ಬಲ್ಲ ಗಿರಾಕಿಗಳಷ್ಟೇ ಸಾಲದೆ ಸಣ್ಣ ಊರುಗಳತ್ತ ಕಣ್ಣು ಹಾಯಿಸಿದಾಗ ಕನ್ನಡ ಬೇಕಾಯಿತು. ಬಂದದ್ದು ಸಂತೋಷವೇ. ಆದರೆ ಎಂಥ ಕನ್ನಡ! ಯಂತ್ರದಿಂದ ಅನುವಾದಿಸಿದ ವಿವರಗಳಲ್ಲಿ ಎಲ್ಲರ ಮೈಗೂ ಹೊಂದುವ ಕುಪ್ಪಸವನ್ನು "ಉಚಿತ ಗಾತ್ರ" ಎಂದು ಬರೆದಿದ್ದುದನ್ನು ನಾನು ಓದಿದ್ದೇನೆ. ಹಗುರವಾದ ಚೀಲವೊಂದಕ್ಕೆ "ಬೆಳಕಿನ ತೂಕ" ಇತ್ತು. ನಗಬಹುದು. ಆದರೆ ಔಷಧದ ಸೀಸೆಯ ಮೇಲೆ, ಸಾಲದ ಷರತ್ತಿನಲ್ಲಿ ಇಂಥ ಕನ್ನಡ ಬಂದರೆ ನಗುವಂತಿಲ್ಲ. ನನ್ನ ಚಂದಾದ ಬಲೆಯ ಪ್ರಸಂಗದಲ್ಲಿ ಸೇರಿಕೊಳ್ಳಿರೆಂದು ಕರೆದ ಪುಟ ಅಚ್ಚಗನ್ನಡದಲ್ಲಿತ್ತು, ಷರತ್ತುಗಳು ಮಾತ್ರ ಇಂಗ್ಲಿಷಿನಲ್ಲಿದ್ದವು.

ಮಾರುವವರ ಕಡೆಯ ಮಾತನ್ನೂ ಕೇಳಬೇಕಲ್ಲ. ಗುಳೇದಗುಡ್ಡದವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂ.ಎ. ಮಾಡಿಯೂ ಕೆಲಸ ಸಿಗದೆ ಮನೆತನದ ಖಣದ ವ್ಯಾಪಾರಕ್ಕೆ ಮರಳಿದ. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕುತ್ತಾನೆ, ವಾಟ್ಸ್‌ಆ್ಯಪಿನಲ್ಲಿ ಬೇಡಿಕೆ ಪಡೆಯುತ್ತಾನೆ. ಪುಣೆ, ಬೆಂಗಳೂರುಗಳಿಗೆಲ್ಲ ಅವನ ಖಣ ಹೋಗುತ್ತದೆ. ಕಳೆದ ವರ್ಷ ಮೈಸೂರಿಗೆ ಬಂದಾಗ ನಾನು, "ಅಂತೂ ದಲ್ಲಾಳಿಗಳ ಕಾಟ ತಪ್ಪಿತಲ್ಲಯ್ಯ" ಎಂದೆ. ಅವನು ನಕ್ಕು, "ಎಲ್ಲಿ ತಪ್ಪೇದ್ರಿ ಸರ್? ಮೊದಲ ದಲಾಲಿ ಪ್ಯಾಟ್ಯಾಗ ಕುಂತಿರತಿದ್ದ. ಅವನ ಮಾರಿ ಕಾಣ್ತಿತ್ತು, ಹೋಗಿ ಜಗಳಾ ಆಡಬಹುದಿತ್ತು. ಈಗಿನ ದಲಾಲಿಗೆ ಮಾರೀನ ಇಲ್ಲರಿ" ಎಂದ. ಚಿತ್ರಗಳು ಹೆಚ್ಚು ಜನರಿಗೆ ಕಾಣಬೇಕಾದರೆ ಅವನೂ ಹಣ ಕಟ್ಟಬೇಕು. ಅವನೂ ಹರಾಜಿನಲ್ಲಿ ಕೂಗಬೇಕು. ಎದುರಿಗೆ ಕೂಗುವವರಲ್ಲಿ ಯಂತ್ರದ ಬಟ್ಟೆಗೆ ಖಣವೆಂದು ಹೆಸರಿಟ್ಟು ಅರ್ಧ ಬೆಲೆಗೆ ಮಾರುವವರೂ ಇರುತ್ತಾರೆ. ನವರಾತ್ರಿಯ ಮುಂಚಿನ ವಾರ ಸಾವಿರಾರು ಜನ ನೋಡುತ್ತಿದ್ದ ಚಿತ್ರಗಳು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನೂರು ಜನಕ್ಕೂ ಕಾಣದಾದುವಂತೆ. ಯಾಕೆಂದು ಕೇಳೋಣವೆಂದರೆ ಬಾಗಿಲಿಲ್ಲ. ಮಗ್ಗದ ಮೇಲಿದ್ದ ಮಾಲಿಗೆ ನೂಲಿನ ಸಾಲ ಇತ್ತು.

ಅದಾದ ಮೇಲೆ ಅವನು ಒಂದು ಉದ್ದನೆಯ ನೋಟುಪುಸ್ತಕ ಇಟ್ಟಿದ್ದಾನೆ. ತನ್ನಿಂದ ಒಮ್ಮೆ ಕೊಂಡ ಮುನ್ನೂರು ಚಿಲ್ಲರೆ ಹೆಣ್ಣುಮಕ್ಕಳ ಹೆಸರು, ಊರು, ಅವರಿಗೆ ಹಿಡಿಸುವ ಬಣ್ಣ, ಎಲ್ಲವನ್ನೂ ಕೈಯಲ್ಲಿ ಬರೆದಿದ್ದಾನೆ. ಜಾಹೀರಾತಿಗೆ ಹಣ ಕಟ್ಟುವುದನ್ನು ಪೂರ್ತಿ ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಆದರೆ ಹಬ್ಬದ ಮುಂಚೆ ಆ ಪುಸ್ತಕ ನೋಡಿ ಒಬ್ಬೊಬ್ಬರಿಗೂ ತಾನೇ ಕರೆ ಮಾಡುತ್ತಾನಂತೆ. "ಎಲ್ಲಿ, ನಮ್ಮ ಹೆಸರೂ ಇದೆಯೋ?" ಎಂದು ಕೇಳಿದೆ. ಚೀಲದಿಂದ ಪುಸ್ತಕ ತೆಗೆದು ಹಾಳೆ ಮಗುಚಿ ತೋರಿಸಿದ. ನನ್ನ ಹೆಂಡತಿಯ ಹೆಸರಿನ ಮುಂದೆ "ಹಸಿರು" ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಅದನ್ನು ಒಂದು ಗೆರೆ ಎಳೆದು ಹೊಡೆದಿದ್ದ.